ಹಾಡು ಎಲ್ಲಿಗೆ ಕರೆದೊಯ್ಯುತ್ತದೆ?



ಕಳೆದ ಸಲದ ಹಬ್ಬದ ಸಂಜೆ ನಮ್ಮೆಲ್ಲರಿಗೂ ನೆನಪಿದೆ. ಪೂಜೆ ಮುಗಿದು, ಊಟ ಮುಗಿದು, ದೇವಾಲಯದ ಅಂಗಳದಲ್ಲಿ ಸಾಂಸ್ಕೃತಿಕ ಕಾರ್ಯಕ್ರಮ ಶುರುವಾಗಿತ್ತು. ಯುವಜನರ ಸರದಿ ಬಂದಾಗ ಎಲ್ಲರಿಗೂ ಗೊತ್ತಿರುವ ಒಂದು ಸ್ತುತಿಗೀತೆಯನ್ನೇ ನಾವು ಎತ್ತಿಕೊಂಡೆವು. ಹಾರ್ಮೋನಿಯಂ ಬದಲು ಕೀಬೋರ್ಡ್, ತಬಲಾ ಬದಲು ಡ್ರಮ್ಸ್, ಜೊತೆಗೆ ಒಂದು ಬೇಸ್ ಗಿಟಾರ್. ಮಕ್ಕಳು ಎದ್ದು ಕುಣಿದರು. ಅಮ್ಮಂದಿರು ಚಪ್ಪಾಳೆ ಹಾಕಿದರು. ಹಾಡು ಮುಗಿದು ಕೆಳಗಿಳಿಯುವಾಗ ಮುಂದಿನ ಸಾಲಿನಲ್ಲಿದ್ದ ತಾತ ಒಬ್ಬರು ಕೇಳಿದರು: "ಏನಪ್ಪಾ ಇದು, ದೇವರ ಹಾಡೋ ಡಿಸ್ಕೋನೋ? ಸೈತಾನನ ತಾಳಕ್ಕೆ ಯೇಸುವಿನ ಹೆಸರು ಯಾಕೆ ಹಾಕ್ತೀರಿ?"

ತಾತ ಕೆಟ್ಟವರಲ್ಲ. ನಮ್ಮಲ್ಲಿ ಅರ್ಧ ಜನಕ್ಕೆ ಜಪಸರ ಹೇಳಿಕೊಟ್ಟವರೇ ಅವರು. ಆದರೆ ಆ ಮಾತು ಬೇಸ್ ಗಿಟಾರ್ ಹಿಡಿದಿದ್ದ ನಮ್ಮ ಹುಡುಗನಿಗೆ ನೇರವಾಗಿ ತಗುಲಿತು. ಮುಂದಿನ ಭಾನುವಾರ ಅವನು ಗಾನವೃಂದಕ್ಕೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಈಗ ಅವನು ಪೂಜೆಗೆ ಬಂದರೆ ಹಿಂದಿನ ಬಾಗಿಲ ಬಳಿ ನಿಂತು, ಕೊನೆಯ ಆಶೀರ್ವಾದಕ್ಕೆ ಮೊದಲೇ ಹೊರಟುಬಿಡುತ್ತಾನೆ.

ಆ ದಿನದಿಂದ ಈ ವಿಷಯ ನಮ್ಮನ್ನು ಕಾಡುತ್ತಿದೆ. ತಾಳಕ್ಕೆ ಪಾಪ ಇದೆಯೇ? ಯಾವ ಹಾಡು ದೇವರದು, ಯಾವುದು ಲೋಕದ್ದು ಎಂದು ತೀರ್ಮಾನಿಸುವುದು ಹೇಗೆ? ನಮ್ಮ ಯುವಜನರ ಸಭೆಯಲ್ಲಿ ಇದನ್ನೇ ಚರ್ಚಿಸುತ್ತಾ ಹೋದಾಗ ಐವತ್ತು ವರ್ಷಕ್ಕೂ ಹಳೆಯ ಒಂದು ಅಮೆರಿಕನ್ ಹಾಡಿನ ಕಥೆ ನಮಗೆ ಎದುರಾಯಿತು. ಅದನ್ನು ಹಾಡಿದ ಕುಟುಂಬಕ್ಕೂ ಇದೇ ಪ್ರಶ್ನೆ ಬಂದಿತ್ತು, ಅದೂ ಅವರದೇ ಚರ್ಚಿನ ಜನರಿಂದ. ಹಾಡಿನ ಹೆಸರು 'ಐಲ್ ಟೇಕ್ ಯೂ ದೇರ್', ಅಂದರೆ 'ನಾನು ನಿನ್ನನ್ನು ಅಲ್ಲಿಗೆ ಕರೆದೊಯ್ಯುವೆ'. ಹಾಡಿದವರು ಸ್ಟೇಪಲ್ ಸಿಂಗರ್ಸ್. ವರ್ಷ 1972.

ಚರ್ಚಿನಿಂದ ಬಂದ ಕುಟುಂಬ

ಸ್ಟೇಪಲ್ ಸಿಂಗರ್ಸ್ ಅಂದರೆ ಒಬ್ಬ ಅಪ್ಪ ಮತ್ತು ಅವರ ಮಕ್ಕಳು. ಅಪ್ಪ ರೋಬಕ್ ಸ್ಟೇಪಲ್ಸ್ ಹುಟ್ಟಿದ್ದು 1914ರಲ್ಲಿ, ಮಿಸಿಸಿಪ್ಪಿ ರಾಜ್ಯದಲ್ಲಿ. ಎಲ್ಲರೂ ಅವರನ್ನು 'ಪಾಪ್ಸ್' ಎಂದೇ ಕರೆಯುತ್ತಿದ್ದರು. ಬೆಳೆದದ್ದು ಹತ್ತಿ ಬೆಳೆಯುವ ಡಾಕರಿ ಎಂಬ ದೊಡ್ಡ ತೋಟದಲ್ಲಿ, ಕೂಲಿಕಾರರ ನಡುವೆ. ಅಲ್ಲಿ ಚಾರ್ಲಿ ಪ್ಯಾಟನ್ ಎಂಬ ಹೆಸರಾಂತ ಬ್ಲೂಸ್ ಹಾಡುಗಾರನ ಗಿಟಾರ್ ಕೇಳಿ ತಾವೂ ಗಿಟಾರ್ ಕಲಿತರು. ಆಮೇಲೆ ಹೆಂಡತಿ ಮಕ್ಕಳೊಡನೆ ಬದುಕು ಹುಡುಕಿಕೊಂಡು ಶಿಕಾಗೋಗೆ ಬಂದು ಮಾಂಸದ ಕಾರ್ಖಾನೆಯಂಥ ಕಡೆಗಳಲ್ಲಿ ದುಡಿದರು. ದುಡಿಮೆ ಮುಗಿಸಿ ಮನೆಗೆ ಬಂದು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಒಬ್ಬೊಬ್ಬರಿಗೆ ಒಂದೊಂದು ಸ್ವರ ಹೇಳಿಕೊಟ್ಟರು. 1948ರ ಹೊತ್ತಿಗೆ ಈ ಕುಟುಂಬ ಶಿಕಾಗೋದ ಚರ್ಚುಗಳಲ್ಲಿ ಹಾಡಲು ಶುರುಮಾಡಿತು. 1950ರ ದಶಕದಲ್ಲಿ ಅವರ ಭಕ್ತಿಗೀತೆಗಳ ರೆಕಾರ್ಡುಗಳು ಕಪ್ಪು ಜನರ ಮನೆಮನೆಗೂ ತಲುಪಿದ್ದವು.

1963ರಲ್ಲಿ ಅಲಬಾಮಾದ ಮಾಂಟ್ಗೊಮರಿಯಲ್ಲಿ ಪಾಪ್ಸ್ ತಮ್ಮ ಮಕ್ಕಳೊಡನೆ ಮಾರ್ಟಿನ್ ಲೂಥರ್ ಕಿಂಗ್ ಅವರ ಪ್ರಸಂಗ ಕೇಳಲು ಹೋದರು. ಅದು ಮುಗಿದ ಮೇಲೆ ಹೋಟೆಲಿನ ಕೋಣೆಗೆ ಮಕ್ಕಳನ್ನು ಕರೆದು, ಆ ಮನುಷ್ಯ ಇದನ್ನು ಪ್ರಸಂಗವಾಗಿ ಹೇಳಬಲ್ಲನಾದರೆ ನಾವು ಅದನ್ನು ಹಾಡಾಗಿ ಹೇಳಬಹುದು ಎಂಬ ಅರ್ಥದ ಮಾತಾಡಿದರಂತೆ. ಅವರ ಮಗಳು ಮೇವಿಸ್ ಇದನ್ನು ಎಷ್ಟೋ ಸಲ ನೆನಪಿಸಿಕೊಂಡಿದ್ದಾರೆ. ಅಂದಿನಿಂದ ಆ ಕುಟುಂಬ ಸಮಾನ ಹಕ್ಕಿನ ಚಳವಳಿಯ ಜೊತೆ ನಿಂತಿತು. ದೇವರನ್ನು ಸ್ತುತಿಸಿದ ಬಾಯಲ್ಲೇ ನೆರೆಯವನಿಗೆ ಆಗುವ ಅನ್ಯಾಯದ ಬಗ್ಗೆಯೂ ಹಾಡಿತು.

1968ರಲ್ಲಿ ಅವರು ಮೆಂಫಿಸ್ ನಗರದ ಸ್ಟ್ಯಾಕ್ಸ್ ಎಂಬ ರೆಕಾರ್ಡ್ ಕಂಪನಿ ಸೇರಿದರು. ಅಲ್ಲಿಂದ ಅವರ ಹಾಡುಗಳ ತಾಳ ಬದಲಾಯಿತು, ಬೇಸ್ ಗಿಟಾರ್ ಮುಂದಕ್ಕೆ ಬಂತು. ಅದು ಫಂಕ್ ಕಾಲ. ಫಂಕ್ ಎಂದರೇನು ಎಂದು ಕೇಳುವವರಿಗೆ ಸರಳವಾಗಿ ಹೇಳುವುದಾದರೆ, ಇಂಪಾದ ರಾಗಕ್ಕಿಂತ ತಾಳವೇ ಹಾಡನ್ನು ಹೊತ್ತೊಯ್ಯುವ ಸಂಗೀತ. ನಾಲ್ಕು ಪೆಟ್ಟಿನ ಆವರ್ತದಲ್ಲಿ ಮೊದಲ ಪೆಟ್ಟಿಗೆ ಒತ್ತು. ಬೇಸ್, ಡ್ರಮ್ಸ್, ಗಿಟಾರ್ ಎಲ್ಲವೂ ತಮ್ಮ ತಮ್ಮ ಚಿಕ್ಕ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತಾ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಕೇಳುವವರ ಕಾಲು ತಾನಾಗಿ ಅಲುಗುತ್ತದೆ. 1960ರ ದಶಕದಲ್ಲಿ ಜೇಮ್ಸ್ ಬ್ರೌನ್ ಇದಕ್ಕೆ ದಾರಿ ಹಾಕಿಕೊಟ್ಟಿದ್ದರು. ಸ್ಟೇಪಲ್ ಕುಟುಂಬದ ಈ ಹಾಡಿನಲ್ಲಿ ಚರ್ಚಿನ ಗಾಸ್ಪೆಲ್, ಸೋಲ್, ಫಂಕ್ ಮೂರೂ ಕೂಡಿಕೊಂಡಿವೆ.

ಸಾವಿನ ಮನೆಯಲ್ಲಿ ಹುಟ್ಟಿದ ಹಾಡು

ಹಾಡು ಬರೆದವರು ಸ್ಟ್ಯಾಕ್ಸ್ ಕಂಪನಿಯ ಮುಖ್ಯಸ್ಥರಲ್ಲಿ ಒಬ್ಬರಾದ ಅಲ್ ಬೆಲ್. ಅದು ಹುಟ್ಟಿದ ಬಗೆಯನ್ನು ಅವರೇ ಹೇಳಿಕೊಂಡಿದ್ದಾರೆ. ಅವರ ತಮ್ಮನನ್ನು ಯಾರೋ ಗುಂಡಿಟ್ಟು ಕೊಂದಿದ್ದರು. ಮಣ್ಣು ಮಾಡಲು ಆರ್ಕನ್ಸಾ ರಾಜ್ಯದ ತಮ್ಮ ಊರಿಗೆ ಹೋಗಿದ್ದರು. ಸಮಾಧಿ ಮುಗಿದ ಮೇಲೆ ಅಪ್ಪನ ಮನೆಯ ಹಿತ್ತಲಲ್ಲಿ ನಿಂತಿದ್ದ ಒಂದು ಹಳೆಯ ಬಸ್ಸಿನ ಮೂತಿಯ ಮೇಲೆ ಒಬ್ಬರೇ ಕೂತಿದ್ದರು. ಆಗ ಆ ಲಯವೂ ಕೆಲವು ಸಾಲುಗಳೂ ಮನಸ್ಸಿಗೆ ಬಂದವು. ಆಮೇಲೆ ಎಷ್ಟು ಪ್ರಯತ್ನಿಸಿದರೂ ಮುಂದಕ್ಕೆ ಇನ್ನೊಂದು ಚರಣ ಬರೆಯಲು ಆಗಲಿಲ್ಲವಂತೆ.

ಆದ್ದರಿಂದಲೇ ಈ ಹಾಡಿನಲ್ಲಿ ಮಾತು ಬಹಳ ಕಡಿಮೆ. ಇಡೀ ಹಾಡು ಎರಡೇ ಕಾರ್ಡುಗಳ ಮೇಲೆ ನಿಂತಿದೆ. ಕೀಬೋರ್ಡ್ ಕಲಿಯುತ್ತಿರುವ ನಮ್ಮ ತಂಗಿಯೊಬ್ಬಳು ಹತ್ತು ನಿಮಿಷದಲ್ಲಿ ಅದನ್ನು ನುಡಿಸಿ ತೋರಿಸಿದಳು. ಆದರೆ ಆ ಸ್ವಲ್ಪ ಮಾತಿನಲ್ಲಿ ಇರುವುದೇನು? ಕಣ್ಣೀರಿಲ್ಲದ, ಕಳವಳವಿಲ್ಲದ, ಬಣ್ಣದ ಹೆಸರಿನಲ್ಲಿ ಮೋಸವಿಲ್ಲದ ಒಂದು ಜಾಗ ತನಗೆ ಗೊತ್ತು ಎಂದು ಹಾಡುವವಳು ಹೇಳುತ್ತಾಳೆ. ಅಲ್ಲಿಗೆ ನಿನ್ನನ್ನು ಕರೆದೊಯ್ಯುತ್ತೇನೆ ಎನ್ನುತ್ತಾಳೆ. ಉಳಿದದ್ದೆಲ್ಲ ಕೂಗು ಮತ್ತು ಓಗೊಡುವಿಕೆ. ಒಬ್ಬರು ಕರೆದರೆ ಉಳಿದವರು ಉತ್ತರಿಸುವುದು, ಅಂದರೆ ಕಪ್ಪು ಜನರ ಚರ್ಚುಗಳಲ್ಲಿ ಬೋಧಕರಿಗೂ ಭಕ್ತರಿಗೂ ನಡುವೆ ನಡೆಯುವ ಅದೇ ಕ್ರಮ. ನಮ್ಮ ಪ್ರಾರ್ಥನಾಮಾಲೆಯಲ್ಲಿ ಒಬ್ಬರು ಸಂತರ ಹೆಸರು ಹೇಳಿದಾಗ ಎಲ್ಲರೂ ಒಟ್ಟಿಗೆ ಪ್ರಾರ್ಥಿಸಲು ಕೇಳಿಕೊಳ್ಳುತ್ತೇವಲ್ಲ, ಅದನ್ನು ಬಲ್ಲವರಿಗೆ ಇದು ಹೊಸದಲ್ಲ.

ಪ್ರಕಟನಾ ಗ್ರಂಥದ ಇಪ್ಪತ್ತೊಂದನೆಯ ಅಧ್ಯಾಯ ಓದಿದವರಿಗೆ ಆ ಜಾಗ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ತಮ್ಮನ ಸಮಾಧಿಯ ದಿನ ಒಬ್ಬ ಅಣ್ಣನ ಮನಸ್ಸಿಗೆ ಬಂದದ್ದು ಅದು. ಇದಕ್ಕೆ ಹಿಂದೆಯೂ ಹೀಗೆ ಆಗಿತ್ತು. ಶಿಕಾಗೋದಲ್ಲೇ ಇದ್ದ ಥಾಮಸ್ ಡಾರ್ಸಿ ಮೊದಲು ಬ್ಲೂಸ್ ಪಿಯಾನೋ ನುಡಿಸುತ್ತಿದ್ದವರು. 1932ರಲ್ಲಿ ಹೆರಿಗೆಯ ವೇಳೆ ಹೆಂಡತಿಯನ್ನೂ ಅದರ ಬೆನ್ನಿಗೇ ಮಗುವನ್ನೂ ಕಳೆದುಕೊಂಡು, ಆ ದುಃಖದಲ್ಲಿ 'ಪ್ರೆಶಸ್ ಲಾರ್ಡ್' ಎಂಬ ಪ್ರಾರ್ಥನಾ ಗೀತೆ ಬರೆದರು. ಬ್ಲೂಸಿನ ವಾಸನೆ ಇದೆ ಎಂದು ಮೊದಮೊದಲು ಎಷ್ಟೋ ಚರ್ಚುಗಳು ಅವರ ಹಾಡುಗಳನ್ನು ಒಳಗೆ ಬಿಡಲಿಲ್ಲ. ಇಂದು ಅವರನ್ನೇ ಗಾಸ್ಪೆಲ್ ಸಂಗೀತದ ತಂದೆ ಎನ್ನುತ್ತಾರೆ.

ಶವಪೆಟ್ಟಿಗೆ ಮಾರುತ್ತಿದ್ದ ಕಟ್ಟಡದಲ್ಲಿ

'ಐಲ್ ಟೇಕ್ ಯೂ ದೇರ್' ರೆಕಾರ್ಡ್ ಆದದ್ದು ಅಲಬಾಮಾದ ಶೆಫೀಲ್ಡ್ ಎಂಬ ಊರಿನ ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೋದಲ್ಲಿ. ನಾಲ್ವರು ವಾದ್ಯಗಾರರು 1969ರಲ್ಲಿ ಕಟ್ಟಿಕೊಂಡ ಸ್ಟುಡಿಯೋ ಅದು. ಮೊದಲು ಆ ಕಟ್ಟಡದಲ್ಲಿ ಶವಪೆಟ್ಟಿಗೆಗಳನ್ನು ಮಾರಾಟಕ್ಕೆ ಇಡುತ್ತಿದ್ದರು. ಕಣ್ಣೀರಿಲ್ಲದ ಊರಿನ ಹಾಡು ಅಲ್ಲಿ ರೆಕಾರ್ಡ್ ಆಯಿತು.

ಡ್ರಮ್ಸ್ ರೋಜರ್ ಹಾಕಿನ್ಸ್, ಬೇಸ್ ಡೇವಿಡ್ ಹುಡ್, ಗಿಟಾರ್ ಜಿಮ್ಮಿ ಜಾನ್ಸನ್, ಕೀಬೋರ್ಡ್ ಬ್ಯಾರಿ ಬೆಕೆಟ್. ನಾಲ್ವರೂ ಬಿಳಿಯರು. ಕೆಲವೇ ವರ್ಷಗಳ ಹಿಂದಿನವರೆಗೆ ಕಪ್ಪು ಜನರಿಗೂ ಬಿಳಿಯರಿಗೂ ಬಸ್ಸಿನ ಸೀಟು, ಕುಡಿಯುವ ನೀರಿನ ನಲ್ಲಿ, ಶಾಲೆ ಎಲ್ಲವೂ ಬೇರೆ ಬೇರೆ ಆಗಿದ್ದ ರಾಜ್ಯ ಅಲಬಾಮಾ. ಅಲ್ಲಿ ಒಂದೇ ಕೋಣೆಯಲ್ಲಿ ಪಾಪ್ಸ್, ಮೇವಿಸ್, ಕ್ಲಿಯೋಥಾ, ಯವಾನ್ ಹಾಡಿದರು, ಈ ನಾಲ್ವರು ನುಡಿಸಿದರು. ಹಾಡಿನ ನಡುವೆ ಮೇವಿಸ್ ಡೇವಿಡ್ ಹುಡ್ ಹೆಸರು ಹಿಡಿದು ಸಹಾಯಕ್ಕೆ ಕರೆಯುತ್ತಾರೆ, ಬೇಸ್ ಗಿಟಾರ್ ಉತ್ತರ ಕೊಡುತ್ತದೆ. ರೆಕಾರ್ಡಿನಲ್ಲಿ ಅದು ಇಂದಿಗೂ ಕೇಳುತ್ತದೆ. ಆಮೇಲೆ ಒಂದು ತಮಾಷೆಯೂ ನಡೆಯಿತು. ಗಾಯಕ ಪಾಲ್ ಸೈಮನ್ ಈ ಹಾಡು ಕೇಳಿ, ಅದರಲ್ಲಿ ನುಡಿಸಿದ ಆ ಕಪ್ಪು ವಾದ್ಯಗಾರರೇ ನನಗೂ ಬೇಕು ಎಂದು ಅಲ್ ಬೆಲ್ ಅವರಿಗೆ ಫೋನ್ ಮಾಡಿದರಂತೆ. ಕೊಡೋಣ, ಆದರೆ ಅವರು ಸ್ವಲ್ಪ ಬಿಳಿಚಿಕೊಂಡಿದ್ದಾರೆ ಎಂಬರ್ಥದ ಉತ್ತರ ಬಂತಂತೆ.

ಹಾಡು 1972ರ ಮೇ ತಿಂಗಳಲ್ಲಿ ಅಮೆರಿಕದ ಕಪ್ಪು ಸಂಗೀತದ ಪಟ್ಟಿಯಲ್ಲೂ, ಜೂನ್ ಮೊದಲ ವಾರ ಇಡೀ ದೇಶದ ಬಿಲ್‌ಬೋರ್ಡ್ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೆ ಏರಿತು. ಅದು ಬಂದ ಆಲ್ಬಮ್ಮಿನ ಹೆಸರು 'ಬಿ ಆಲ್ಟಿಟ್ಯೂಡ್: ರೆಸ್ಪೆಕ್ಟ್ ಯುವರ್‌ಸೆಲ್ಫ್'. ಮೊದಲ ಎರಡು ಪದಗಳನ್ನು ಬೇಗ ಹೇಳಿ ನೋಡಿ. ಬೆಟ್ಟದ ಮೇಲೆ ಪ್ರಭು ಯೇಸು ಹೇಳಿದ ಅಷ್ಟಭಾಗ್ಯಗಳಿಗೆ ಇಂಗ್ಲಿಷಿನಲ್ಲಿ 'ಬಿಯಾಟಿಟ್ಯೂಡ್ಸ್' ಎನ್ನುತ್ತಾರೆ. ಆ ಪದದ ಮೇಲೇ ಆಡಿದ ಆಟ ಅದು. ಅದೇ ವರ್ಷ ಆಗಸ್ಟ್ 20ರಂದು ಲಾಸ್ ಏಂಜಲೀಸ್‌ನ ದೊಡ್ಡ ಕ್ರೀಡಾಂಗಣದಲ್ಲಿ ಸ್ಟ್ಯಾಕ್ಸ್ ಕಂಪನಿ 'ವಾಟ್‌ಸ್ಟ್ಯಾಕ್ಸ್' ಎಂಬ ಸಂಗೀತೋತ್ಸವ ನಡೆಸಿತು. ಏಳು ವರ್ಷ ಹಿಂದೆ ಗಲಭೆಯಲ್ಲಿ ಸುಟ್ಟುಹೋಗಿದ್ದ ವಾಟ್ಸ್ ಎಂಬ ಬಡಾವಣೆಯ ನೆನಪಿಗೆ ಅದು. ಟಿಕೆಟ್ಟು ಒಂದೇ ಡಾಲರ್. ಬಡವರ ಮನೆಯವರೂ ಬರಲಿ ಎಂದು. ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಸ್ಟೇಪಲ್ ಕುಟುಂಬ ಅಲ್ಲಿಯೂ ಹಾಡಿತು.

ಚರ್ಚು ಏನೆಂದಿತು?

ಲೋಕವೆಲ್ಲ ಚಪ್ಪಾಳೆ ತಟ್ಟುವಾಗ ಮನೆಯವರೇ ಮುಖ ತಿರುಗಿಸಿದರು. ಸ್ಟೇಪಲ್ ಕುಟುಂಬ ಸೈತಾನನ ಸಂಗೀತ ಹಾಡುತ್ತಿದೆ ಎಂದು ಚರ್ಚಿನ ಜನ ಮಾತಾಡಿದರು. ಹೊರಗೆ ಹಾಕಬೇಕು ಎನ್ನುವಷ್ಟು ಸಿಟ್ಟಾದರು. ಮೇವಿಸ್ ಸ್ಟೇಪಲ್ಸ್ ಇದನ್ನು ಅನೇಕ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅವರ ಉತ್ತರದ ಸಾರ ಇಷ್ಟೇ: ಸೈತಾನನ ಬಳಿ ಸಂಗೀತವೇ ಇಲ್ಲ, ಸಂಗೀತವೆಲ್ಲ ದೇವರದು. ನೀವು ಮಾತು ಕೇಳಿದ್ದೀರಾ? ನಾವು ನಿಮ್ಮನ್ನು ಕರೆಯುತ್ತಿರುವುದು ಸ್ವರ್ಗಕ್ಕಲ್ಲವೇ?

ನಮಗೆ ಈ ಕಥೆಯಲ್ಲಿ ಮುಖ್ಯವಾಗಿ ಕಂಡದ್ದು ಇದು. ಬೇಸರಪಟ್ಟು ಆ ಕುಟುಂಬ ಚರ್ಚು ಬಿಡಲಿಲ್ಲ, ಹಾಡುವುದನ್ನೂ ಬಿಡಲಿಲ್ಲ. ಕಾಲ ಸರಿದ ಮೇಲೆ ಗಾಸ್ಪೆಲ್ ಗಾಯಕರಾದ ಬೀಬೀ ಮತ್ತು ಸೀಸೀ ವೈನನ್ಸ್ ಎಂಬ ಅಣ್ಣತಂಗಿ 1991ರಲ್ಲಿ ಇದೇ ಹಾಡನ್ನು ಮೇವಿಸ್ ಜೊತೆಯಲ್ಲೇ ಮತ್ತೆ ಹಾಡಿದರು. ಅದೂ ಪಟ್ಟಿಯ ತುದಿಗೆ ಏರಿತು. ಒಮ್ಮೆ ಸೈತಾನನದು ಎನಿಸಿಕೊಂಡದ್ದು ಭಕ್ತಿ ಸಂಗೀತದವರ ಕೈಯಿಂದಲೇ ಮತ್ತೆ ಬಂತು.

ಆದರೆ ಅದೇ ಕಾಲದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಸಾಲ್ಟ್-ಎನ್-ಪೆಪಾ ಎಂಬ ರ‍್ಯಾಪ್ ತಂಡ ಈ ಹಾಡಿನ ತುಣುಕನ್ನು ಕತ್ತರಿಸಿಕೊಂಡು, ಲೈಂಗಿಕ ವಿಷಯವನ್ನು ಮುಚ್ಚುಮರೆಯಿಲ್ಲದೆ ಮಾತಾಡೋಣ ಎನ್ನುವ ತಮ್ಮ ಹಾಡಿಗೆ ಬಳಸಿತು. ಮುಂದೆ ಅದನ್ನೇ ಬದಲಿಸಿ ಏಡ್ಸ್ ಜಾಗೃತಿಯ ಹಾಡನ್ನೂ ಮಾಡಿದರು. ಅದೇ ಬೇಸ್, ಅದೇ ಲಯ. ಒಂದು ಕಡೆ ಸ್ತುತಿ, ಒಂದು ಕಡೆ ಬೀದಿಯ ಮಾತು, ಇನ್ನೊಂದು ಕಡೆ ರೋಗದ ಎಚ್ಚರಿಕೆ. ತಾಳವೇ ಪಾಪವಾಗಿದ್ದರೆ ಒಂದೇ ತಾಳ ಇಷ್ಟು ಬೇರೆ ಬೇರೆ ಕಡೆಗೆ ಹೋಗುತ್ತಿರಲಿಲ್ಲ. ತಾಳ ಎತ್ತಿನ ಗಾಡಿ ಇದ್ದ ಹಾಗೆ. ಯಾವ ಊರಿಗೆ ಹೊಡೆಯುತ್ತೇವೆ ಎನ್ನುವುದು ನಮ್ಮ ಕೈಯಲ್ಲಿದೆ.

ಇದು ಅಮೆರಿಕದ ಮಾತಷ್ಟೇ ಅಲ್ಲ. ಶುಭ ಶುಕ್ರವಾರ ಲೋಕದ ಎಷ್ಟೋ ಚರ್ಚುಗಳಲ್ಲಿ ಪ್ರಭುವಿನ ಮುಳ್ಳಿನ ಕಿರೀಟವನ್ನು ನೆನೆದು ಹಾಡುವ ಆ ಗಂಭೀರ ರಾಗ, ಹುಟ್ಟುವಾಗ ಪ್ರೇಮಗೀತೆಯ ರಾಗ. ಹಾನ್ಸ್ ಲಿಯೋ ಹಾಸ್ಲರ್ ಎಂಬ ಜರ್ಮನ್ ಸಂಗೀತಗಾರ 1601ರಲ್ಲಿ ಪ್ರಕಟಿಸಿದ್ದು. ನಾವು ಭಕ್ತಿಯ ವಾದ್ಯ ಎಂದುಕೊಂಡಿರುವ ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದದ್ದೇ. ಆಕಾಶವಾಣಿ ಅದನ್ನು ನಮ್ಮ ಸಂಗೀತಕ್ಕೆ ಒಗ್ಗದು ಎಂದು 1940ರಿಂದ 1971ರವರೆಗೆ ದೂರ ಇಟ್ಟಿತ್ತು. ಇಂದು ಹಾರ್ಮೋನಿಯಂ ಇಲ್ಲದ ಗಾನವೃಂದವನ್ನು ತಾತನೂ ಒಪ್ಪಲಾರರು.

ಬೈಬಲಿನಲ್ಲೂ ಈ ಜಗಳ ಇದೆ. ಮಂಜೂಷವನ್ನು ಜೆರುಸಲೇಮಿಗೆ ತರುವಾಗ ದಾವೀದ ಮೈಮರೆತು ಕುಣಿದ. ಕಿಟಕಿಯಿಂದ ನೋಡಿದ ಮೀಕಲಳಿಗೆ ಅದು ಅಸಹ್ಯವೆನಿಸಿತು. ಸಮುವೇಲನ ಎರಡನೆಯ ಗ್ರಂಥದ ಆರನೆಯ ಅಧ್ಯಾಯವನ್ನು ಮನೆಯಲ್ಲಿ ಒಟ್ಟಿಗೆ ಕೂತು ಓದಿ. ಕೀರ್ತನೆಗಳ ಕೊನೆಯ ಅಧ್ಯಾಯದಲ್ಲಿ ದಮ್ಮಡಿ, ತಾಳ, ಕುಣಿತ ಎಲ್ಲಕ್ಕೂ ಕರೆ ಇದೆ.

ಹಾಗೆಂದು ಎಲ್ಲವೂ ಎಲ್ಲ ಕಡೆಗೂ ಅಲ್ಲ

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ತಾಳದಲ್ಲಿ ಪಾಪವಿಲ್ಲ ಎಂದಮಾತ್ರಕ್ಕೆ ಬಲಿಪೂಜೆಯಲ್ಲಿ ಏನನ್ನು ಬೇಕಾದರೂ ನುಡಿಸಬಹುದು ಎಂದಲ್ಲ. ಪೂಜೆಯಲ್ಲಿ ಹಾಡು ನಮ್ಮ ಕಛೇರಿಯಲ್ಲ, ಪೂಜೆಯ ಭಾಗ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೈವಾರಾಧನೆಯ ಬಗ್ಗೆ ಕೊಟ್ಟ ಸಂವಿಧಾನ ಎರಡೂ ಮಾತನ್ನು ಹೇಳುತ್ತದೆ. ಆಯಾ ಜನರ ಸಂಗೀತ ಪರಂಪರೆಗೆ ಗೌರವ ಕೊಡಬೇಕು, ಬೇರೆ ವಾದ್ಯಗಳನ್ನೂ ಅಧಿಕಾರ ಉಳ್ಳವರ ಒಪ್ಪಿಗೆಯಿಂದ ಸೇರಿಸಬಹುದು. ಆದರೆ ಅವು ಪವಿತ್ರ ಬಳಕೆಗೆ ಹೊಂದುವಂತಿರಬೇಕು, ಭಕ್ತರಿಗೆ ಆತ್ಮಿಕ ನೆರವಾಗಬೇಕು. ಅರ್ಪಣೆಯ ಗೀತೆಯ ವೇಳೆ ಡ್ರಮ್ಸ್ ಸದ್ದಿಗೆ ಹಿಂದೆ ಕೂತ ಅಜ್ಜಿಗೆ ಒಂದು ಪದವೂ ಕೇಳದಿದ್ದರೆ, ಅಲ್ಲಿ ತಪ್ಪಿರುವುದು ನಮ್ಮದೇ. ಸ್ಟೇಪಲ್ ಕುಟುಂಬ ಈ ಹಾಡನ್ನು ರೆಕಾರ್ಡಿನಲ್ಲಿ, ವೇದಿಕೆಯಲ್ಲಿ, ರೇಡಿಯೋದಲ್ಲಿ ಹಾಡಿತು. ಪೀಠದ ಮುಂದೆ ಯಾವುದು, ಅಂಗಳದಲ್ಲಿ ಯಾವುದು ಎಂಬ ವಿವೇಕ ನಮಗಿರಬೇಕು.

ಇನ್ನೊಂದು ಕಹಿ ಸತ್ಯವೂ ಈ ಹಾಡಿನಲ್ಲಿದೆ. ಶುರುವಿನಲ್ಲಿ ಬರುವ ಆ ಸೊಗಸಾದ ಬೇಸ್ ತುಣುಕು ಮೊದಲು ಕೇಳಿಬಂದದ್ದು ಜಮೈಕಾದಲ್ಲಿ. 1969ರಲ್ಲಿ ಹ್ಯಾರಿ ಜೆ ಆಲ್‌ಸ್ಟಾರ್ಸ್ ಹೊರತಂದ 'ದ ಲಿಕ್ವಿಡೇಟರ್' ಎಂಬ ವಾದ್ಯ ಸಂಗೀತದಲ್ಲಿ ಅದು ಹಾಗೆಯೇ ಇದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಯಾರಿಗೂ ಅನುಮಾನ ಉಳಿಯದು. ಆದರೆ ಸ್ಟೇಪಲ್ ಸಿಂಗರ್ಸ್ ರೆಕಾರ್ಡಿನಲ್ಲಿ ರಚನೆಗೆ ಬರೆದಿದ್ದ ಹೆಸರು ಅಲ್ ಬೆಲ್ ಅವರದೊಂದೇ. ಹಾಡನ್ನು ಕಟ್ಟುವುದರಲ್ಲಿ ತನ್ನ ಪಾಲೂ ಇತ್ತು ಎಂದು ಮೇವಿಸ್ ಕೂಡ ಹೇಳಿಕೊಂಡಿದ್ದಾರೆ. ಬಣ್ಣದ ಮೋಸವಿಲ್ಲದ ಜಾಗಕ್ಕೆ ಕರೆದೊಯ್ಯುವ ಹಾಡಿನಲ್ಲಿ ಜಮೈಕಾದ ಬಡ ವಾದ್ಯಗಾರರ ಹೆಸರಿಗೆ ಜಾಗ ಸಿಗಲಿಲ್ಲ. ನಾವು ಮೆಚ್ಚಿದ ಹಾಡಿನ ಬಗ್ಗೆ ಇದನ್ನು ಬರೆಯಲು ಬೇಸರವಾಗುತ್ತದೆ. ಆದರೂ ಮರೆಮಾಚಬಾರದು.

ಯಾಕೆಂದರೆ ನಾವೂ ಅದನ್ನೇ ಮಾಡುತ್ತಿದ್ದೇವೆ. ಗಡಿಯ ಈಚೆ ಇರುವ ನಮ್ಮ ಧರ್ಮಕೇಂದ್ರದಲ್ಲಿ ಕನ್ನಡ ಪೂಜೆಗೆ ಒಂದು ಹಾಡು, ತಮಿಳು ಪೂಜೆಗೆ ಇನ್ನೊಂದು, ಆದರೆ ರಾಗ ಎಷ್ಟೋ ಸಲ ಒಂದೇ. ತಮಿಳಿನ ರಾಗಕ್ಕೆ ಕನ್ನಡದ ಮಾತು ಕೂಡಿಸಿದ್ದೇವೆ. ಬೆಂಗಳೂರು, ಮೈಸೂರು ಕಡೆಯಿಂದ ಬಂದ ಕನ್ನಡ ಹಾಡನ್ನು ಜೆರಾಕ್ಸ್ ಮಾಡಿ ಹಂಚಿದ್ದೇವೆ. ನಮ್ಮ ಹಾಡಿನ ಹಾಳೆಗಳನ್ನು ತೆಗೆದು ನೋಡಿ. ಬರೆದ ಗುರುಗಳ ಹೆಸರಿಲ್ಲ, ರಾಗ ಹಾಕಿದವರ ಹೆಸರಿಲ್ಲ. ಬೇರೆ ಭಾಷೆಯ ನೆರೆಯವರಿಂದ ರಾಗ ತೆಗೆದುಕೊಳ್ಳುವುದು ತಪ್ಪಲ್ಲ. ಗಡಿಯಲ್ಲಿ ಬದುಕುವವರಿಗೆ ಅದು ದೇವರು ಕೊಟ್ಟ ವರ. ಆದರೆ ಇಸಿದುಕೊಂಡದ್ದನ್ನು ಇಸಿದುಕೊಂಡೆವು ಎಂದು ಹೇಳಬೇಕು. ಸೈತಾನ ತಾಳದಲ್ಲಿದ್ದಾನೋ ಎಂದು ಹುಡುಕುವ ಮೊದಲು ಹಾಳೆಯ ಕೆಳಗೆ ಬಿಟ್ಟುಹೋದ ಆ ಹೆಸರನ್ನು ಹುಡುಕೋಣ.

ನಾವು ಕೇಳುವುದು ಇಷ್ಟು

ಹಿರಿಯರಲ್ಲಿ ನಮ್ಮ ವಿನಂತಿ. ನಮ್ಮ ಹಾಡು ಹಿಡಿಸದಿದ್ದರೆ ಹೇಳಿ, ಖಂಡಿತ ಹೇಳಿ. ಆದರೆ ಮೊದಲು ಮಾತನ್ನು ಕೇಳಿ, ಆಮೇಲೆ ತಾಳಕ್ಕೆ ತೀರ್ಪು ಕೊಡಿ. ಮರವನ್ನು ಅದರ ಫಲದಿಂದ ತಿಳಿಯಿರಿ ಎಂದು ಪ್ರಭುವೇ ಕಲಿಸಿದ್ದಾರೆ. ಹಾಡು ಮುಗಿದ ಮೇಲೆ ಕೇಳಿದವರು ಪ್ರಾರ್ಥನೆಗೆ ಹತ್ತಿರ ಬಂದರೋ ದೂರ ಹೋದರೋ, ಪಕ್ಕದವನ ಮೇಲೆ ಪ್ರೀತಿ ಹೆಚ್ಚಿತೋ ಕಡಿಮೆಯಾಯಿತೋ ನೋಡಿ. ಸೈತಾನ ಎಂಬ ಮಾತು ಬಹಳ ಭಾರದ್ದು. ಹದಿನೆಂಟು ವರ್ಷದ ಹುಡುಗನ ಹೆಗಲ ಮೇಲೆ ಅದನ್ನು ಹೊರಿಸಬೇಡಿ.

ಯುವಜನರಾದ ನಮಗೆ ನಾವೇ ಹೇಳಿಕೊಳ್ಳುವುದೂ ಇದೆ. ಪೂಜೆಯ ಹಾಡನ್ನು ಫಾದರ್ ಜೊತೆ ಕೂತು ಆರಿಸೋಣ. ಹಿಂದಿನ ಬೆಂಚಿಗೆ ಪದ ಕೇಳುತ್ತದೆಯೇ ಎಂದು ಮೊದಲೇ ಪರೀಕ್ಷಿಸೋಣ. ಹಾಡಿನ ಹಾಳೆಯಲ್ಲಿ ಬರೆದವರ, ರಾಗ ಹಾಕಿದವರ ಹೆಸರು ಬರೆಯೋಣ. ಒಂದು ಕಟು ಮಾತು ಕೇಳಿದ ಕೂಡಲೇ ಚೀಲ ಹೆಗಲಿಗೇರಿಸಿ ಹೊರಡುವುದನ್ನು ಬಿಡೋಣ. ಪಾಪ್ಸ್ ಸ್ಟೇಪಲ್ಸ್ ಕುಟುಂಬಕ್ಕೆ ಬಿದ್ದ ಮಾತು ನಮಗೆ ಬಿದ್ದದ್ದಕ್ಕಿಂತ ದೊಡ್ಡದು. ಅವರು ನಿಂತರು.

ಇದನ್ನು ಬರೆಯುವ ಮೊದಲು ನಮ್ಮಲ್ಲಿ ಮೂವರು ತಾತನ ಮನೆಗೆ ಹೋದೆವು. ಕಾಫಿ ಕೊಟ್ಟರು. ಮೊಬೈಲಿನಲ್ಲಿ ಆ ಹಾಡು ಹಾಕಿ, ಮಾತಿನ ಅರ್ಥವನ್ನೂ ತಮ್ಮನನ್ನು ಕಳೆದುಕೊಂಡ ಅಣ್ಣನ ಕಥೆಯನ್ನೂ ಕನ್ನಡದಲ್ಲಿ ಹೇಳಿದೆವು. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾತು ಒಳ್ಳೇದಿದೆ. ನನ್ನ ತಮ್ಮ ಹೋದಾಗ ಯಾರೂ ಹೀಗೆ ಹಾಡ್ಲಿಲ್ಲ. ಆದ್ರೆ ಪೂಜೇಲಿ ಬೇಡ ಕಣ್ರಪ್ಪಾ" ಎಂದರು. "ಪೂಜೇಲಿ ಬೇಡ ತಾತ, ಅಂಗಳದಲ್ಲಿ" ಎಂದೆವು. ನಕ್ಕರು. ಬಾಗಿಲವರೆಗೆ ಬಂದು, "ಆ ಹುಡುಗ ಯಾಕೆ ಕಾಣ್ತಿಲ್ಲ?" ಎಂದು ಅವರೇ ಕೇಳಿದರು.

ಅಲ್ಲಿಂದ ನೇರವಾಗಿ ಅವನ ಮನೆಗೆ ಹೋಗಿ ಆ ಮಾತನ್ನು ತಲುಪಿಸಿದ್ದೇವೆ. ಪರೀಕ್ಷೆ ಇದೆ, ಆಮೇಲೆ ನೋಡೋಣ ಎಂದಿದ್ದಾನೆ. ಗಿಟಾರ್ ಮಾತ್ರ ಗೋಡೆಗೆ ಒರಗಿಸಿಯೇ ಇತ್ತು, ಧೂಳು ಕೂತಿರಲಿಲ್ಲ. ಗಾನವೃಂದದ ಅಭ್ಯಾಸ ಎಂದಿನಂತೆ ಶನಿವಾರ ಸಂಜೆ. ತಾತನೂ ಒಂದು ಸಲ ಬಂದು ಕೂರುತ್ತೇನೆ ಎಂದಿದ್ದಾರೆ. ಎಲ್ಲರೂ ಬನ್ನಿ.